ಹಾಸಿಗೆ ಕೊಟ್ಟವರು ಕೂಲಿಯ ಮಾತನ್ನೂ ಆಡಬೇಕು

ನಮ್ಮ ಪೇಟೆಬೀದಿಯಲ್ಲಿ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಎರಡು ಸಾರಿ ಎಳೆದು ನೋಡಿ, ಕೈಮುಗಿದ ಮೇಲೆ, ಅಂಗಡಿಯ ಹುಡುಗ ಒಂದು ಕೊಡ ನೀರು ತಂದು ಕಟ್ಟೆಯ ಮೇಲೆ ಸುರಿಯುತ್ತಾನೆ. ಧೂಳು ಏಳಬಾರದೆಂದು ಹೀಗೆ ಮಾಡುವುದೆಂದು ಹೇಳುತ್ತಾರೆ. ಧೂಳಿಗಾಗಿ ಅಲ್ಲವೆಂಬುದು ಸುರಿಯುವ ಹುಡುಗನಿಗೂ ಗೊತ್ತು, ಎದುರಿನ ಬೇವಿನ ಮರದ ಕೆಳಗೆ ಗೋಣಿಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಕಾಯುತ್ತ ನಿಂತ ಹಮಾಲನಿಗೂ ಗೊತ್ತು. ಕಟ್ಟೆ ಒಣಗುವ ವೇಳೆಗೆ ಹನ್ನೆರಡು ಹೊಡೆದಿರುತ್ತದೆ. ಆಮೇಲೆ ಅವನು ಮಲಗುತ್ತಾನೆ, ಬೆಳಗಿನ ಲಾರಿ ಬರುವುದಕ್ಕೆ ಮುಂಚೆ ಏಳುತ್ತಾನೆ. ಇದನ್ನು ಬರೆದರೆ ನಮ್ಮ ಚಂದಾದಾರರಾದ ಕೆಲವು ವರ್ತಕ ಮಿತ್ರರಿಗೆ ಕೋಪ ಬರಬಹುದು. ಬರಲಿ. ನಮ್ಮ ಪತ್ರಿಕೆಯ ಕಛೇರಿಯ ಕಟ್ಟೆಗೂ ಹಿಂದೊಮ್ಮೆ ಒಂದು ಬೇಸಿಗೆಯೆಲ್ಲ ನೀರು ಬಿದ್ದಿದೆ. ಅದನ್ನು ನಿಲ್ಲಿಸುವುದಕ್ಕೆ ನಮಗೆ ಕಾರ್ಯಕಾರಿ ಸಮಿತಿಯ ಸಭೆಯೇ ಬೇಕಾಯಿತು!

ಈ ಮಾತು ಈಗ ಬಂದುದಕ್ಕೆ ಕಾರಣವಿದೆ. ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು, ಗಿರಣಿಗೆ ಬೀಗ ಬಿದ್ದ ಮೇಲೆ ಕೆಲಸ ಹುಡುಕಿಕೊಂಡು ದೊಡ್ಡ ನಗರಕ್ಕೆ ಹೋದವರು, ಕಳೆದ ತಿಂಗಳು ಊರಿಗೆ ಮರಳಿದರು. ಮೊದಲ ಎರಡು ರಾತ್ರಿ ರೈಲು ನಿಲ್ದಾಣದ ಹೊರಗೆ ಮಲಗಿದ್ದರಂತೆ, ಎರಡು ರಾತ್ರಿಯೂ ಪೋಲೀಸಿನವನ ಲಾಠಿಯೇ ಎಬ್ಬಿಸಿತು. ಮೂರನೆಯ ರಾತ್ರಿ ಯಾರೋ ದಾರಿ ತೋರಿಸಿದ್ದರಿಂದ ಕ್ರೈಸ್ತರು ನಡೆಸುವ ಒಂದು ತಂಗುಮನೆಗೆ ಹೋದರು. ಅಲ್ಲಿ 19 ದಿನ ಇದ್ದರು.

"ಮೇಷ್ಟ್ರೇ, ಮೊದಲು ಒಂದು ಸಾಬೂನು ಕೊಟ್ಟರು" ಎಂದು ಅವರು ಪ್ರಾರಂಭಿಸಿದರು. "ಬಿಸಿನೀರು ಕೊಟ್ಟರು. ಗಂಟು ಇಡೋಕೆ ಪೆಟ್ಟಿಗೆ ಕೊಟ್ಟು ಬೀಗದ ಕೈ ನನ್ನ ಕೈಗೇ ಕೊಟ್ಟರು. ಕಾಲಿನ ಹುಣ್ಣು ತೊಳೆದು ಬಟ್ಟೆ ಕಟ್ಟಿದೋಳು ಒಬ್ಬ ಹೆಣ್ಣುಮಗಳು. ಯಾವ ಜಾತಿ ಅಂತ ಒಬ್ಬರೂ ಕೇಳಲಿಲ್ಲ. ಮನೆಗೆ ಕಾಗದ ಬರೆಯೋಕೆ ಅಲ್ಲಿನ ವಿಳಾಸವನ್ನೇ ಹಾಕಿಕೋ ಅಂದರು."

"ಪ್ರಾರ್ಥನೆ ಇತ್ತೇನಪ್ಪ?" ಎಂದು ನಾವು ಕೇಳಿದೆವು.

"ಇತ್ತು, ಸಂಜೆ ಊಟಕ್ಕೆ ಮುಂಚೆ. ಕೂತುಕೊಳ್ಳಿ ಅಂದರು, ಕೂತುಕೊಂಡೆ. ಕೂರದೆ ಇದ್ದೋರೂ ಇದ್ದರು, ಅವರಿಗೂ ಅನ್ನ ಹಾಕಿದರು." ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: "ಒಂದೇ ಒಂದು ವಿಷಯ ನೋಡಿ ಮೇಷ್ಟ್ರೇ. ಬೆಳಿಗ್ಗೆ ಆರು ಗಂಟೆಗೆ ಬಾಗಿಲ ಹತ್ತಿರ ಮೇಸ್ತ್ರಿ ಬರೋನು. ಹೊರಗಿನ ಆಳಿಗೆ 700 ರೂಪಾಯಿ ಕೂಲಿ ಇದ್ದರೆ ನಮಗೆ 400. ಉಣ್ಣೋಕೆ ಮಲಗೋಕೆ ಇದೆಯಲ್ಲ ನಿಮಗೆ, ಇನ್ನೇನು ಬೇಕು ಅನ್ನೋನು."

ಸಂಘದ ಕಛೇರಿಯಲ್ಲಿ ಇದನ್ನು ಕೇಳುತ್ತ ಕುಳಿತಿದ್ದವರಲ್ಲಿ ಇಬ್ಬರು ಕೂಡಲೇ ತೀರ್ಪು ಕೊಟ್ಟರು. ಬಟ್ಟೆ ಅಂಗಡಿಯ ಮಿತ್ರರು, "ಇದೆಲ್ಲ ಮತಾಂತರದ ಬಲೆ, ಮೊದಲು ಸಾಬೂನು, ಆಮೇಲೆ ಶಿಲುಬೆ" ಎಂದರು. ನಮ್ಮ ಒಬ್ಬ ತರುಣ ಸಂಗಾತಿ, "ಧರ್ಮದ ಗಂಜಿ ಕುಡಿದವನು ಮುಷ್ಕರಕ್ಕೆ ಬರುವುದಿಲ್ಲ, ಬಂಡವಾಳಗಾರರಿಗೆ ಬೇಕಾದದ್ದೂ ಅದೇ" ಎಂದರು. ಊರಿಗೆ ಮರಳಿದವರು ನಕ್ಕುಬಿಟ್ಟರು. "ನೀವಿಬ್ಬರೂ ಒಂದು ರಾತ್ರಿ ನಿಲ್ದಾಣದ ಹೊರಗೆ ಮಲಗಿ ಬನ್ನಿ ಸ್ವಾಮಿ, ಆಮೇಲೆ ಮಾತಾಡೋಣ" ಎಂದರು. ಸಭೆ ಅಲ್ಲಿಗೆ ಮುಗಿಯಿತು. ನಮಗೆ ಮಾತ್ರ ಆ ಮೇಸ್ತ್ರಿಯ ಮಾತು ತಲೆಯಿಂದ ಹೋಗಲಿಲ್ಲ.

ಮೇಸ್ತ್ರಿಯ ಮಾತು ಹೊಸದಲ್ಲ. ಅದಕ್ಕೆ ನೂರು ವರ್ಷಕ್ಕೆ ಮೀರಿದ ಚರಿತ್ರೆಯಿದೆ. ಲಂಡನ್ ನಗರದ ಪೂರ್ವಭಾಗದ ಕೂಲಿಕಾರರ ಕೇರಿಗಳಲ್ಲಿ ಅದನ್ನು ನೋಡಬಹುದು. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡು ಲೋಕಕ್ಕೆಲ್ಲ ಸಾಹುಕಾರ. ನಮ್ಮ ದೇಶದ ಚಹ, ಸೆಣಬು ಎಲ್ಲವೂ ಥೇಮ್ಸ್ ನದಿಯ ಹಡಗುಕಟ್ಟೆಗಳಲ್ಲಿ ಇಳಿಯುತ್ತಿದ್ದವು. ಇಳಿಸುವ ಹಮಾಲರು ಬೆಳಗಾಗುವುದಕ್ಕೆ ಮುಂಚೆ ಕಟ್ಟೆಯ ಬಾಗಿಲಲ್ಲಿ ಗುಂಪುಗೂಡಿ, ಮೇಸ್ತ್ರಿಯ ಕಣ್ಣಿಗೆ ಬೀಳಬೇಕೆಂದು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. ಕರೆದರೆ ಆ ದಿನ ಊಟ, ಕರೆಯದಿದ್ದರೆ ಎಲ್ಲಾದರೂ ಬೀದಿಯಲ್ಲಿ ನಿದ್ದೆ. ಗಂಟೆಗೆ 6 ಪೆನಿ ಕೂಲಿ ಬೇಕೆಂದು ಅವರು 1889ರಲ್ಲಿ ಹೂಡಿದ ಮುಷ್ಕರ ಪ್ರಪಂಚದ ಕಾರ್ಮಿಕ ಚರಿತ್ರೆಯಲ್ಲಿ ಒಂದು ದೊಡ್ಡ ಅಧ್ಯಾಯ.

ಅದೇ ಕೇರಿಗಳಲ್ಲಿ 1865ರಿಂದ ಬೀದಿಯಲ್ಲಿ ನಿಂತು ಧರ್ಮ ಬೋಧಿಸುತ್ತಿದ್ದವರು ವಿಲಿಯಂ ಬೂತ್. ಅವರು ಹುಡುಗರಾಗಿದ್ದಾಗಲೇ ಗಿರವಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದವರು. ಬಡವನ ಮನೆಯ ಪಾತ್ರೆ, ಬಟ್ಟೆ ಒಂದೊಂದಾಗಿ ಹೇಗೆ ಗಿರವಿಗೆ ಬರುತ್ತವೆಂಬುದನ್ನು ಕಣ್ಣಾರೆ ಕಂಡವರು. ಅವರ ಮಂಡಳಿಗೆ 1878ರಲ್ಲಿ 'ಸಾಲ್ವೇಷನ್ ಆರ್ಮಿ' ಎಂದು ಹೆಸರಾಯಿತು, ಮುಕ್ತಿಸೇನೆ ಎಂದರ್ಥ. ಒಂದು ಚಳಿಯ ರಾತ್ರಿ ಲಂಡನ್ ಸೇತುವೆಯನ್ನು ದಾಟುವಾಗ ಅದರ ಗೋಡೆಯ ಮೂಲೆಗಳಲ್ಲಿ ಜನ ಮುದುರಿಕೊಂಡು ಮಲಗಿದ್ದುದನ್ನು ಕಂಡು, ಮರುದಿನ ಮಗನನ್ನು ಕರೆದು ಏನಾದರೂ ಮಾಡಲೇಬೇಕೆಂದು ಹೇಳಿದರೆಂಬ ಕಥೆಯುಂಟು. ಕಥೆ ಹೇಗೇ ಇರಲಿ, 1888ರಲ್ಲಿ ಹಡಗುಕಟ್ಟೆಗಳ ಪಕ್ಕದ ಲೈಮ್‌ಹೌಸ್‌ನಲ್ಲಿ ಅವರ ಮೊದಲ ತಂಗುಮನೆ ತೆರೆಯಿತು.

ಅಲ್ಲಿ 4 ಪೆನಿ ಕೊಟ್ಟರೆ ರಾತ್ರಿಯ ಊಟ, ಮಲಗುವ ಜಾಗ, ಬೆಳಗಿನ ತಿಂಡಿ ಮೂರೂ ಸಿಗುತ್ತಿದ್ದವು. ಮಲಗುವ ಜಾಗವೆಂದರೆ ಸಾಲಾಗಿ ಜೋಡಿಸಿದ ಉದ್ದನೆಯ ಮರದ ಪೆಟ್ಟಿಗೆಗಳು. ಒಳಗೆ ನೀರು ಹಿಡಿಯದ ಬಟ್ಟೆಯ ಹಾಸಿಗೆ, ಹೊದೆಯುವುದಕ್ಕೆ ಚರ್ಮದ ಹೊದಿಕೆ. ಹೇನು, ತಿಗಣೆ ಸೇರಬಾರದೆಂದು ಆ ಏರ್ಪಾಡು. ಮಲಗಿದವರು ಅದನ್ನು ಶವದ ಪೆಟ್ಟಿಗೆಯೆಂದು ಹಾಸ್ಯಮಾಡುತ್ತಿದ್ದರು. ಹಾಸ್ಯ ಮಾಡುವಷ್ಟು ಚೈತನ್ಯ ಅವರಿಗೆ ಉಳಿದದ್ದು ಆ ಪೆಟ್ಟಿಗೆಯ ಬೆಚ್ಚಗಿನ ನಿದ್ದೆಯಿಂದ ಎಂಬುದನ್ನೂ ಹೇಳಬೇಕು. ಸಂಜೆ ಪ್ರಾರ್ಥನೆ, ಹಾಡು, ತಮ್ಮ ಪಾಪವನ್ನು ತಾವೇ ಹೇಳಿಕೊಳ್ಳುವ ಭಾಷಣಗಳು. ಆತ್ಮವನ್ನು ಉಳಿಸುವುದೇ ತಮ್ಮ ಮುಖ್ಯ ಕೆಲಸವೆಂದು ಬೂತ್ ಎಂದೂ ಮರೆಮಾಚಲಿಲ್ಲ. ಆದರೆ ಖಾಲಿ ಹೊಟ್ಟೆಗೆ ಬೋಧನೆ ಇಳಿಯುವುದಿಲ್ಲವೆಂಬುದನ್ನು ಅವರು ಅನೇಕ ಪಾದ್ರಿಗಳಿಗಿಂತ ಮೊದಲು ತಿಳಿದುಕೊಂಡರು.

ಊಟ ನಿದ್ದೆಗಳಿಗೇ ಅವರು ನಿಲ್ಲಲಿಲ್ಲ. ಮನೆಬಿಟ್ಟು ಹೋದವರನ್ನು ಹುಡುಕಿಕೊಡುವ ವಿಭಾಗವೊಂದನ್ನು 1885ರಲ್ಲಿಯೇ ಪ್ರಾರಂಭಿಸಿದ್ದರು. ಹಳ್ಳಿಯ ತಾಯಿ ಕಾಗದ ಬರೆದರೆ ಲಂಡನ್ನಿನ ಜನಸಾಗರದಲ್ಲಿ ಅವಳ ಮಗನನ್ನೋ ಮಗಳನ್ನೋ ಹುಡುಕುತ್ತಿದ್ದರು. 1890ರಲ್ಲಿ ಕೆಲಸ ಹುಡುಕಿಕೊಡುವ ಕಛೇರಿ ತೆರೆದರು. ಅಂಥ ಸರ್ಕಾರಿ ಕಛೇರಿಗಳು ಇಂಗ್ಲೆಂಡಿನಾದ್ಯಂತ ಬಾಗಿಲು ತೆರೆದದ್ದು 1910ರಲ್ಲಿ. ಇಪ್ಪತ್ತು ವರ್ಷ ಸರ್ಕಾರ ಮಲಗಿತ್ತು, ಬೀದಿಯ ಪಾದ್ರಿ ಎದ್ದಿದ್ದರು. ಇದನ್ನು ಒಪ್ಪಿಕೊಳ್ಳುವುದಕ್ಕೆ ಸಮಾಜವಾದಿಗಳಾದ ನಮಗೆ ಸಂಕೋಚವೇನೂ ಇಲ್ಲ.

ಅದೇ 1890ರಲ್ಲಿ ಬೂತ್ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಬಾಡಿಗೆ ಗಾಡಿಯ ಕುದುರೆಯ ಉದಾಹರಣೆ ಬರುತ್ತದೆ. ಕುದುರೆ ಬೀದಿಯಲ್ಲಿ ಬಿದ್ದರೆ ಯಾರ ತಪ್ಪಿನಿಂದ ಬಿತ್ತೆಂದು ಯಾರೂ ವಿಚಾರಣೆ ಹೂಡುವುದಿಲ್ಲ, ಮೊದಲು ಎತ್ತಿ ನಿಲ್ಲಿಸುತ್ತಾರೆ. ಬದುಕಿರುವವರೆಗೆ ಅದಕ್ಕೆ ಲಾಯ, ಮೇವು, ಕೆಲಸ ಉಂಟು. ಇಂಗ್ಲೆಂಡಿನ ಬಡವನಿಗೆ ಕುದುರೆಗೆ ಸಿಗುವಷ್ಟಾದರೂ ಸಿಗಲಿ ಎಂಬುದು ಅವರ ವಾದ. ಓದಿದಾಗ ನಮಗೆ ಕಣ್ಣು ಒದ್ದೆಯಾಯಿತು. ಆದರೆ ಮತ್ತೆ ಯೋಚಿಸಿದರೆ, ನಮ್ಮ ಮೇಸ್ತ್ರಿ ಆಡಿದ್ದು ಇದೇ ಕುದುರೆಯ ಲೆಕ್ಕವಲ್ಲವೆ? ಲಾಯವಿದೆ, ಮೇವಿದೆ, ಇನ್ನೇನು ಬೇಕು! ಬಿದ್ದವನನ್ನು ಎತ್ತುವುದಕ್ಕೆ ಈ ಲೆಕ್ಕ ಸಾಕು. ಎದ್ದು ನಿಂತವನಿಗೆ ಇದು ಸಾಲದು. ಕುದುರೆ ಕೂಲಿ ಕೇಳುವುದಿಲ್ಲ, ಹೆಂಡತಿ ಮಕ್ಕಳಿಗೆ ಹಣ ಕಳಿಸುವುದಿಲ್ಲ, ಸಂಘ ಕಟ್ಟುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಮುಕ್ತಿಸೇನೆಯದೇ ಎರಡು ಕಾರ್ಖಾನೆಗಳು ಸಾಕ್ಷಿ.

ಒಂದು ಬೆಂಕಿಕಡ್ಡಿಯ ಕಾರ್ಖಾನೆ. ಆ ಕಾಲದ ಕಡ್ಡಿಗಳಿಗೆ ಬಿಳಿ ರಂಜಕ ಹಾಕುತ್ತಿದ್ದರು. ಅದರ ಹೊಗೆ ಕುಡಿದ ಕೆಲಸಗಾರರಿಗೆ ದವಡೆಯ ಮೂಳೆ ಕೊಳೆತು ಹೋಗುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಮತ್ತು ಮೇ ಕಂಪನಿಯ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಗೆ ಬಂದರು. ಅವರ ಸಂಬಳದಲ್ಲಿ ಹಿಡಿಯುತ್ತಿದ್ದ ದಂಡಗಳ ವಿಷಯವನ್ನು ಮೊದಲು ಪತ್ರಿಕೆಯಲ್ಲಿ ಬಯಲಿಗೆಳೆದವರು ಆನಿ ಬೆಸೆಂಟ್. ಮುಂದೆ ನಮ್ಮ ದೇಶಕ್ಕೆ ಬಂದು ಹೋಂ ರೂಲ್ ಚಳವಳಿ ನಡೆಸಿ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಅದೇ ಬೆಸೆಂಟ್. ಮುಷ್ಕರ ಗೆದ್ದಿತು, ದಂಡಗಳು ಹೋದವು. ಬಿಳಿ ರಂಜಕ ಮಾತ್ರ ಹೋಗಲಿಲ್ಲ. 1891ರಲ್ಲಿ ಬೂತ್ ತಾವೇ ಒಂದು ಕಡ್ಡಿ ಕಾರ್ಖಾನೆ ತೆರೆದು, ಅಪಾಯವಿಲ್ಲದ ಕೆಂಪು ರಂಜಕ ಹಾಕಿಸಿ, ಒಂದು ಗ್ರೋಸಿಗೆ, ಎಂದರೆ 144 ಪೆಟ್ಟಿಗೆಗೆ, 4 ಪೆನಿ ಕೂಲಿ ಕೊಟ್ಟರು. ಬೇರೆ ಕಡೆ ಆಗ ಸಿಗುತ್ತಿದ್ದುದು ಹೆಚ್ಚೆಂದರೆ ಎರಡೂವರೆ ಪೆನಿ. ಒಳ್ಳೆಯ ಕೂಲಿ ಕೊಟ್ಟು, ಕೆಲಸಗಾರನ ದವಡೆ ಉಳಿಸಿಯೂ ಕಡ್ಡಿ ಮಾಡಬಹುದೆಂದು ಧಣಿಗಳ ಮುಖಕ್ಕೆ ತೋರಿಸಿದ ಕೆಲಸವಿದು. ನಮ್ಮ ಊರಿನ ಮನೆಗಳಲ್ಲಿ ಕುಳಿತು ಸಾವಿರದ ಲೆಕ್ಕಕ್ಕೆ ಬೀಡಿ ಕಟ್ಟುವ ತಾಯಂದಿರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಆದರೆ ಪೇಟೆಯಲ್ಲಿ ಆ ಕಡ್ಡಿ ತುಟ್ಟಿ. ಅಗ್ಗದ ಕಡ್ಡಿಯ ಎದುರು ಅದು ನಿಲ್ಲಲಾರದೆ ಹತ್ತು ವರ್ಷದೊಳಗೆ ಕಾರ್ಖಾನೆ ಕೈಬಿಟ್ಟುಹೋಯಿತು. 1901ರಲ್ಲಿ ಬ್ರಯಂಟ್ ಮತ್ತು ಮೇ ಬಿಳಿ ರಂಜಕ ಬಿಟ್ಟರು. ಎಲ್ಲ ಕಂಪನಿಗಳ ಕೈಯಲ್ಲೂ ಬಿಡಿಸಿದ್ದು ಕಾನೂನು. ಇಂಗ್ಲೆಂಡಿನ ಶಾಸನ 1908ರಲ್ಲಿ ಆಯಿತು, ನಮ್ಮ ದೇಶದ್ದು 1913ರಲ್ಲಿ. ದಾರಿ ತೋರಿಸಿದವರು ಧರ್ಮಿಗಳು, ದಾರಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದು ಶಾಸನ. ಸಣ್ಣ ವ್ಯಾಪಾರಿಗಳು ಇದನ್ನು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ. ಒಬ್ಬ ಅಂಗಡಿಯವನು ಸರಿಯಾಗಿ ತೂಗಿ, ಪಕ್ಕದವನು ಕಡಿಮೆ ತೂಗಿದರೆ ಎಷ್ಟು ದಿನ ನಡೆದೀತು? ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬೇಕೇ ಬೇಕು.

ಇನ್ನೊಂದು ಕಾರ್ಖಾನೆ ಹ್ಯಾನ್‌ಬರಿ ಬೀದಿಯದು. ಬಿದ್ದವರನ್ನು ಮೇಲೆತ್ತುವುದೆಂಬ ಅರ್ಥದಲ್ಲಿ ಅದನ್ನು 'ಎಲಿವೇಟರ್' ಎಂದು ಕರೆದರು. ಬೀದಿಪಾಲಾದವರಿಗೆ ಅಲ್ಲಿ ಬಡಗಿ ಕೆಲಸ. ಪ್ರತಿಫಲ ಊಟ, ವಸತಿ, ಕೈಗೆ ಚಿಲ್ಲರೆ ಹಣ. ಅವರು ಮಾಡಿದ ಬಾಗಿಲು ಕಿಟಕಿಗಳು ಪೇಟೆಗೆ ಬಂದವು. ಆಗ ಲಂಡನ್ನಿನ ಬಡಗಿಗಳ ಸಂಘ ಎದ್ದು ನಿಂತಿತು. ಸಂಘದ ದರಕ್ಕೆ ದುಡಿಯುವವನ ಕೆಲಸವನ್ನು ನೀವು ಅನ್ನದ ಲೆಕ್ಕದಲ್ಲಿ ದುಡಿಸಿ ಕಿತ್ತುಕೊಳ್ಳುತ್ತೀರಿ, ಇಂದು ನೀವು ಒಬ್ಬನನ್ನು ಎತ್ತಿದರೆ ನಾಳೆ ಇನ್ನೊಬ್ಬ ನಿಮ್ಮ ಬಾಗಿಲಿಗೇ ಬಂದು ಬೀಳುತ್ತಾನೆ ಎಂಬುದು ಅವರ ಆಪಾದನೆ. 1907ರಿಂದ ಕೆಲವು ವರ್ಷ ಈ ಜಗಳ ಇಂಗ್ಲೆಂಡಿನ ಕಾರ್ಮಿಕ ಸಂಘಗಳ ಮಹಾಸಭೆಯವರೆಗೂ ಹೋಯಿತು. ಮುಕ್ತಿಸೇನೆಯ ಉತ್ತರವೂ ಇತ್ತು: ಇವರು ಕುಡಿತದಿಂದ, ರೋಗದಿಂದ ಬಿದ್ದವರು, ಪೂರ್ಣ ಕೆಲಸಗಾರರಲ್ಲ, ಇವರನ್ನು ಸಂಘದ ದರದಲ್ಲಿ ಅಳೆಯಬಾರದು.

ಈ ಉತ್ತರದಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಕೈ ನಡುಗುವ ಕುಡುಕನನ್ನು ಮೊದಲ ವಾರವೇ ನುರಿತ ಬಡಗಿಯ ಪಕ್ಕದಲ್ಲಿ ನಿಲ್ಲಿಸಲಾಗದು. ಹಾಗಾದರೆ ಅವನು ಮಾಡಿದ್ದನ್ನು ತಂಗುಮನೆಯಲ್ಲಿಯೇ ಬಳಸಿಕೊಳ್ಳಿ. ಪೇಟೆಗೆ ತಂದಮೇಲೆ ಅದು ಪೇಟೆಯ ಸರಕು, ಅದಕ್ಕೆ ಪೇಟೆಯ ಕೂಲಿ ಬೀಳಲೇಬೇಕು. ಸಂಘದ ಬಡಗಿಗಳು ಹೃದಯವಿಲ್ಲದವರಾಗಿರಲಿಲ್ಲ. ತಮ್ಮ ಮಕ್ಕಳ ತಟ್ಟೆಯಿಂದ ತೆಗೆದ ಅನ್ನವನ್ನು ಇನ್ನೊಬ್ಬರಿಗೆ ದಾನವೆಂದು ಬಡಿಸಬೇಡಿ ಎಂದರು, ಅಷ್ಟೆ.

ಕ್ರೈಸ್ತರ ತಂಗುಮನೆಯೆಂದರೆ ಎಲ್ಲವೂ ಹೀಗೆ ಎಂದು ನಮ್ಮ ತರುಣ ಸಂಗಾತಿ ಹೊರಡಬಾರದು. ಅವರಿಗಾಗಿ ಅಮೆರಿಕದ ಇನ್ನೊಂದು ಮನೆಯ ವಿಷಯ ಹೇಳುತ್ತೇವೆ.

1933ನೆಯ ಮೇ 1ರಂದು, ಲಕ್ಷಾಂತರ ಜನ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಯೂನಿಯನ್ ಚೌಕದಲ್ಲಿ ಸೇರಿದ್ದ ಕಾರ್ಮಿಕರ ನಡುವೆ ಒಂದು ಹೊಸ ಪತ್ರಿಕೆ ಮಾರಾಟಕ್ಕೆ ಬಂತು. ಹೆಸರು 'ಕ್ಯಾಥೊಲಿಕ್ ವರ್ಕರ್'. ಬೆಲೆ ಒಂದು ಪೆನಿ. 2,500 ಪ್ರತಿ ಅಚ್ಚಾಗಿತ್ತು. ನಡೆಸಿದವರು ಡರೊತಿ ಡೇ ಎಂಬ ಮಹಿಳೆ. ಆಕೆ ಮೊದಲು ಸಮಾಜವಾದಿ ಪತ್ರಿಕೆಗಳಲ್ಲಿ ವರದಿಗಾರ್ತಿಯಾಗಿದ್ದವರು, ಹೆಂಗಸರ ಮತದಾನದ ಹಕ್ಕಿಗಾಗಿ 1917ರಲ್ಲಿ ಜೈಲು ಕಂಡವರು, 1927ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದವರು. ಜೊತೆಗಿದ್ದವರು ಫ್ರಾನ್ಸಿನ ರೈತ ಮನೆತನದ ಪೀಟರ್ ಮೋರಿನ್. ಪತ್ರಿಕೆಯಲ್ಲಿ ಬಡವರಿಗೆ ಮನೆಯ ಬಾಗಿಲು ತೆರೆಯಬೇಕೆಂದು ಬರೆದರು. ಬರೆದದ್ದನ್ನು ಓದಿದ ಬಡವರು ಬಾಗಿಲಿಗೇ ಬಂದುಬಿಟ್ಟರು! ಪತ್ರಿಕೆ ನಡೆಸುವವರಿಗೆ ಈ ಫಜೀತಿ ಏನೆಂಬುದು ನಮಗೆ ಗೊತ್ತು. ಆಕೆ ಮಾತ್ರ ಹಿಂಜರಿಯಲಿಲ್ಲ. ಹೀಗೆ ಹುಟ್ಟಿದ ಆತಿಥ್ಯದ ಮನೆಗಳಲ್ಲಿ ಸೂಪು, ಬ್ರೆಡ್ಡು, ಕಾಫಿ, ಹಾಸಿಗೆ ಸಿಗುತ್ತಿದ್ದವು. ಬಂದವನು ತಪ್ಪಿತಸ್ಥನೋ ಅಲ್ಲವೋ, ಯೋಗ್ಯನೋ ಅಯೋಗ್ಯನೋ ಎಂಬ ಪರೀಕ್ಷೆಯಿಲ್ಲ. ಸೇವೆ ಮಾಡುವವರಿಗೆ ಸಂಬಳವಿಲ್ಲ. ಬಂದವರೂ ಅವರೂ ಒಂದೇ ಅಡಿಗೆ ಉಣ್ಣಬೇಕು.

1936-37ರಲ್ಲಿ ಹಡಗಿನ ನಾವಿಕರು ಮುಷ್ಕರ ಹೂಡಿದಾಗ ಇದೇ ಗುಂಪು ಹಡಗುಕಟ್ಟೆಯ ಹತ್ತಿರ ಒಂದು ಅಂಗಡಿ ಬಾಡಿಗೆಗೆ ಹಿಡಿದು ಮುಷ್ಕರದವರಿಗೆ ಊಟ, ಕಾಫಿ ಕೊಟ್ಟಿತು. ಅದಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು 1949ರಲ್ಲಿ. ನ್ಯೂಯಾರ್ಕಿನ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ಗೋರಿ ತೋಡುವ ಕೆಲಸಗಾರರು, ಆರು ದಿನದ ಸಂಬಳವನ್ನೇ ಕೊಟ್ಟು ಕೆಲಸವನ್ನು ವಾರಕ್ಕೆ ಐದು ದಿನ, 40 ಗಂಟೆಗೆ ಇಳಿಸಬೇಕೆಂದು ಕೇಳಿ ಕೆಲಸ ನಿಲ್ಲಿಸಿದರು. ಅವರ ಧಣಿ ಯಾರು? ಡರೊತಿ ಡೇ ಅವರ ಸ್ವಂತ ಚರ್ಚಿನ ಮುಖ್ಯಸ್ಥರಾದ ಕಾರ್ಡಿನಲ್ ಸ್ಪೆಲ್‌ಮನ್. ಕಾರ್ಡಿನಲ್ಲರು ಮುಷ್ಕರಕ್ಕೆ ಕಮ್ಯುನಿಸ್ಟರ ಬಣ್ಣ ಬಳಿದರು, ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಕರೆದುಕೊಂಡು ಹೋಗಿ ಗುದ್ದಲಿ ಹಿಡಿಸಿ ಗೋರಿ ತೋಡಿಸಿದರು. ಬದಲಿ ಆಳು ತಂದು ಮುಷ್ಕರ ಮುರಿಯುವುದನ್ನು ನಮ್ಮ ಗಿರಣಿ ಬಂಧುಗಳು ಬಲ್ಲರು, ಪಾದ್ರಿ ಹುಡುಗರನ್ನು ತಂದು ಮುರಿದದ್ದು ಮಾತ್ರ ಹೊಸದು. ಡರೊತಿ ಡೇ ಕೆಲಸಗಾರರ ಪಕ್ಷ ವಹಿಸಿ ಕಾರ್ಡಿನಲ್ಲರಿಗೇ ಕಾಗದ ಬರೆದರು. ಆಕೆಯ ಸಂಗಡಿಗರು ಮುಷ್ಕರದವರ ಜೊತೆ ಬೀದಿಯಲ್ಲಿ ನಿಂತರು. ಮುಷ್ಕರ ಗೆಲ್ಲಲಿಲ್ಲ. ಆದರೆ ಹಾಸಿಗೆ ಕೊಡುವ ಕೈ ಕೂಲಿಯ ಪಕ್ಷದಲ್ಲಿಯೂ ಎತ್ತಬಲ್ಲುದೆಂದು, ಅದೂ ತನ್ನ ಗುರುವಿನ ಎದುರಿಗೇ ಎತ್ತಬಲ್ಲುದೆಂದು ಜಗತ್ತು ನೋಡಿತು.

ವರ್ತಕ ಮಿತ್ರರಿಗೆ ರುಚಿಸುವ ಇನ್ನೊಂದು ಸಂಗತಿ. ಇವರ ಮನೆಯೊಂದನ್ನು ನ್ಯೂಯಾರ್ಕ್ ನಗರಸಭೆ ರೈಲುದಾರಿಗಾಗಿ ವಶಪಡಿಸಿಕೊಂಡಿತ್ತು. ಪರಿಹಾರದ ಹಣ ತಡವಾದ್ದರಿಂದ ಅದರ ಮೇಲೆ 3,500 ಡಾಲರಿಗೆ ಮೀರಿ ಬಡ್ಡಿಯನ್ನೂ ಕೊಟ್ಟಿತು. 1960ರಲ್ಲಿ ಆಕೆ ಆ ಬಡ್ಡಿಯ ಹಣವನ್ನು ಹಿಂದಕ್ಕೆ ಕಳಿಸಿಬಿಟ್ಟರು. ದುಡಿಯದೆ ಬಂದ ಹಣ ತಮಗೆ ಬೇಡವೆಂದರು. ನಮ್ಮ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತಿದೆ. ಲಕ್ಕಮ್ಮನಿಗೆ ಈ ಅಮೆರಿಕದ ಹೆಂಗಸು ಪರಕೀಯಳೆನಿಸುತ್ತಿರಲಿಲ್ಲ. 1980ರಲ್ಲಿ ಆಕೆ ತೀರಿಕೊಂಡರು.

ಆಕೆಯೊಂದಿಗೂ ನಮ್ಮ ಭಿನ್ನಾಭಿಪ್ರಾಯವಿದೆ. ಸರ್ಕಾರವೆಂದರೆ ಆಕೆಗೆ ನಂಬಿಕೆಯಿರಲಿಲ್ಲ, ಒಬ್ಬೊಬ್ಬ ಮನುಷ್ಯನೂ ತನ್ನ ಮನೆಯಲ್ಲಿ ಒಬ್ಬ ಅತಿಥಿಗೆ ಜಾಗ ಕೊಟ್ಟರೆ ಸಾಕೆಂಬುದು ಆಕೆಯ ಭಾವನೆ. ಆಕೆಯ ಊರಿನಲ್ಲಿಯೇ ಮುಂದೆ ನಡೆದದ್ದು ನೋಡಿ. ಬೀದಿಯಲ್ಲಿ ಮಲಗುವವರ ಪರವಾಗಿ ಒಬ್ಬ ತರುಣ ವಕೀಲರು 1979ರಲ್ಲಿ ಮೊಕದ್ದಮೆ ಹೂಡಿದರು. ಕ್ಯಾಲಹನ್ ಮೊಕದ್ದಮೆಯೆಂದು ಅದು ಪ್ರಸಿದ್ಧ. 1981ರಲ್ಲಿ ಆದ ಒಪ್ಪಂದದ ಪ್ರಕಾರ, ಬಂದು ಕೇಳಿದ ಪ್ರತಿಯೊಬ್ಬ ನಿರ್ಗತಿಕ ಗಂಡಸಿಗೂ ಹಾಸಿಗೆ ಕೊಡುವುದು ನಗರದ ಕರ್ತವ್ಯವಾಯಿತು. ಮುಂದೆ ಹೆಂಗಸರಿಗೂ ಅದು ದೊರೆಯಿತು. ಯಾರ ಹೆಸರಿನಲ್ಲಿ ಮೊಕದ್ದಮೆ ನಡೆಯಿತೋ ಆ ಕ್ಯಾಲಹನ್ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬೀದಿಯಲ್ಲಿ ಸತ್ತಿದ್ದ. ಧರ್ಮದ ಮನೆಗಳು ಅವನ ಕಾಲದಲ್ಲೂ ಇದ್ದವು. ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ.

ಈಗ ಮತಾಂತರದ ಮಾತು. ಮುಕ್ತಿಸೇನೆ 1882ರಲ್ಲಿಯೇ ಮುಂಬಯಿಗೆ ಬಂದಿತು. ತಂದವರು ಸರ್ಕಾರಿ ಅಧಿಕಾರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಫ್ರೆಡರಿಕ್ ಟಕ್ಕರ್, ಕಾವಿಬಟ್ಟೆ ಉಟ್ಟು ಫಕೀರ ಸಿಂಗ್ ಎಂದು ಹೆಸರಿಟ್ಟುಕೊಂಡವರು. ಮತಕ್ಕೆ ಸೇರಿಸುವುದು ತಮ್ಮ ಉದ್ದೇಶವೆಂದು ಅವರೂ ಮುಚ್ಚಿಡಲಿಲ್ಲ. ಅನ್ನಕ್ಕೂ ಮತಕ್ಕೂ ಗಂಟು ಹಾಕುವುದು ತಪ್ಪು, ಪ್ರಾರ್ಥನೆಗೆ ಕೂರದವನ ಎಲೆ ತೆಗೆಯುವ ಮನೆ ಯಾವ ಧರ್ಮದ್ದಾದರೂ ಅದನ್ನು ನಾವು ಖಂಡಿಸುತ್ತೇವೆ. ಆದರೆ ಬಟ್ಟೆ ಅಂಗಡಿಯ ಮಿತ್ರರನ್ನು ಒಂದು ಮಾತು ಕೇಳುತ್ತೇವೆ. ನಮ್ಮ ಊರಿಗೆ ಹಿಂದೆ ಛತ್ರಗಳಿದ್ದವು. ಒಂದೊಂದು ಜಾತಿಗೆ ಒಂದೊಂದು ಪಂಕ್ತಿಯಾದರೂ ದಾರಿಹೋಕನಿಗೆ ಮೂರು ರಾತ್ರಿ ಜಾಗವಿತ್ತು. ಅವು ಏನಾದವು? ಕಲ್ಯಾಣ ಮಂಟಪಗಳಾದವು, ದಿನಬಾಡಿಗೆಯ ಮಳಿಗೆಗಳಾದವು. ತುಮಕೂರಿನ ಸಿದ್ಧಗಂಗೆಯಂಥ ಮಠ ಸಾವಿರಾರು ಮಕ್ಕಳಿಗೆ ಜಾತಿ ನೋಡದೆ ಅನ್ನ ಅಕ್ಷರ ಕೊಡುತ್ತಿದೆ, ಅದಕ್ಕೆ ನಮ್ಮ ನಮಸ್ಕಾರ. ದುಡಿದು ದಣಿದು ಬಂದ ನಲವತ್ತರ ಹಮಾಲನಿಗೆ ಈ ಊರಿನಲ್ಲಿ ಯಾವ ಮಠ, ಯಾವ ಮಸೀದಿ, ಯಾವ ಸಂಘ ಒಂದು ಚಾಪೆ ಹಾಕಿದೆ? ನಾವು ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಬ್ಬರು ದೀಪ ಹಚ್ಚಿದರೆ ಎಣ್ಣೆ ಯಾವ ಗಾಣದ್ದೆಂದು ಕೇಳುವ ಹಕ್ಕು ನಮಗೆಲ್ಲಿಂದ ಬಂತು?

ತರುಣ ಸಂಗಾತಿಗೂ ಇದೇ ಪ್ರಶ್ನೆ. ಲೋಹಿಯಾ ಅವರು ಗುದ್ದಲಿ, ವೋಟು, ಜೈಲು ಎಂದು ಮೂರನ್ನು ಒಟ್ಟಿಗೆ ಹೇಳಿದರು. ವೋಟಿನ ಕಾಲದಲ್ಲಿ ನಾವು ಚುರುಕು. ಜೈಲಿಗೂ ಒಂದು ಕಾಲದಲ್ಲಿ ಅಂಜಲಿಲ್ಲ. ಗುದ್ದಲಿ ಮೂಲೆಯಲ್ಲಿ ತುಕ್ಕು ಹಿಡಿದಿದೆ. ನಮ್ಮ ಸಂಘದ ಕಛೇರಿಯ ಹಿಂದಿನ ಕೋಣೆ ಹಳೆಯ ಬಾವುಟದ ಕೋಲುಗಳನ್ನು ಇಡುವುದಕ್ಕಷ್ಟೇ ಉಪಯೋಗವಾಗುತ್ತಿದೆ.

ಕಾನೂನಿನ ಬಲ ಇಲ್ಲವೆಂದು ಹೇಳುವ ಹಾಗಿಲ್ಲ. 2011ರ ಜನಗಣತಿಯಲ್ಲಿ ದೇಶದಾದ್ಯಂತ ಮನೆಯಿಲ್ಲದವರು 17 ಲಕ್ಷಕ್ಕೂ ಮೀರಿ ಲೆಕ್ಕಕ್ಕೆ ಸಿಕ್ಕರು. ಬೇವಿನ ಮರದ ಕೆಳಗೆ ನಿಂತವನು ಎಣಿಸುವವರ ಕಣ್ಣಿಗೆ ಬಿದ್ದನೋ ಇಲ್ಲವೋ ಹೇಳಲಾಗದು. 2010ರಲ್ಲಿ ಸುಪ್ರೀಂ ಕೋರ್ಟು, ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ದಿನದ 24 ಗಂಟೆಯೂ ತೆರೆದಿರುವ ತಂಗುದಾಣ ಬೇಕೆಂದು ಹೇಳಿತು. 2013ರಲ್ಲಿ ಕೇಂದ್ರ ಸರ್ಕಾರ ಅದಕ್ಕಾಗಿ ಯೋಜನೆಯನ್ನೂ ಮಾಡಿತು. ಲಕ್ಷ ಜನರಿಗೆ ಕನಿಷ್ಠ 100 ಮಂದಿ ತಂಗುವ ಮನೆ ಎಂಬುದು ಅದರ ಲೆಕ್ಕ. ನಮ್ಮ ಊರಿನ ಜನಸಂಖ್ಯೆ ಲಕ್ಷ ದಾಟಿ ಎಷ್ಟೋ ವರ್ಷವಾಯಿತು. ನಗರಸಭೆಯ ಮುಂದೆ ನಾವು ಕೇಳಬೇಕಾದ್ದು ಇಷ್ಟು: ಮಾರುಕಟ್ಟೆಯ ಹತ್ತಿರವೇ ಮನೆ ಬೇಕು. ಊರ ಹೊರಗೆ ಮೂರು ಮೈಲಿ ಆಚೆ ಕಟ್ಟಿದರೆ ಬೆಳಗಿನ ಲಾರಿಗೆ ಹಮಾಲ ಬರುವುದು ಹೇಗೆ? ಹೆಂಗಸರಿಗೆ ಬೇರೆ ಕೋಣೆ, ಬೇರೆ ಬಾಗಿಲು. ಗಂಟು ಇಡುವುದಕ್ಕೆ ಬೀಗದ ಪೆಟ್ಟಿಗೆ, ಬೀಗದ ಕೈ ಮಲಗುವವನ ಕೈಯಲ್ಲಿ. ಪಡಿತರ ಚೀಟಿಗೆ ಆ ಮನೆಯ ವಿಳಾಸ. ಇವೆಲ್ಲ ಆ ಕ್ರೈಸ್ತರ ತಂಗುಮನೆಯಿಂದ ನಮ್ಮ ಸದಸ್ಯರು ಕಲಿತು ಬಂದು ಹೇಳಿದ್ದು, ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ಅವರ ಮನೆಯಲ್ಲಿ ಇಲ್ಲದ ಒಂದನ್ನು ನಾವು ಸೇರಿಸುತ್ತೇವೆ: ಬಾಗಿಲ ಪಕ್ಕದಲ್ಲಿ ಒಂದು ಹಲಗೆ, ಅದರ ಮೇಲೆ ಆ ದಿನದ ಹಮಾಲಿ ದರ, ಗಾರೆ ಕೆಲಸದ ದರ. ಅದಕ್ಕಿಂತ ಕಡಿಮೆಗೆ ಕರೆಯುವ ಮೇಸ್ತ್ರಿಗೆ ಆ ಅಂಗಳದಲ್ಲಿ ಪ್ರವೇಶವಿಲ್ಲ.

ಅರ್ಜಿ ಬರೆಯುವುದಕ್ಕೆ ಮುಂಚೆ ಎಷ್ಟು ಮಂದಿ ಬೀದಿಯಲ್ಲಿ ಮಲಗುತ್ತಾರೆಂಬ ಲೆಕ್ಕ ಬೇಕು. ಬರುವ ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಸಂಘದ ಕಛೇರಿಯಿಂದ ಹೊರಡುತ್ತೇವೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಯ ಅಂಗಳ, ಪೇಟೆಬೀದಿ ಹೀಗೆ ನಾಲ್ಕು ತಂಡ. ಟಾರ್ಚನ್ನು ಮಲಗಿದವರ ಮುಖಕ್ಕೆ ಬಿಡಕೂಡದು, ಎದ್ದಿರುವವರನ್ನು ಮಾತ್ರ ಮಾತನಾಡಿಸತಕ್ಕದ್ದು, ಹೆಸರು ಹೇಳಲೊಲ್ಲದವರನ್ನು ಒತ್ತಾಯಿಸಬಾರದು. ಬಟ್ಟೆ ಅಂಗಡಿಯ ಮಿತ್ರರು ಪೇಟೆಬೀದಿಯ ತಂಡಕ್ಕೆ ಬರಲು ಒಪ್ಪಿದ್ದಾರೆ. ಶನಿವಾರ ಒಂದು ರಾತ್ರಿಯ ಮಟ್ಟಿಗಾದರೂ ಕಟ್ಟೆಗೆ ನೀರು ಹಾಕಿಸಬೇಡಿರೆಂದು ಅವರಿಗೆ ಹೇಳಿದ್ದೇವೆ. ನೋಡುತ್ತೇನೆ ಎಂದಿದ್ದಾರೆ.